ಡ್ರೈವರ್ ಕಾಕಾನ ದೇವಕಣಗಲ

ಹೋದ ತಿಂಗಳು ನಮ್ಮ ನಾದಿನಿ ತನ್ನ ಮಗನ ಹುಟ್ಟುಹಬ್ಬವನ್ನು ಸಾಣಾಪುರದ ಕೆರೆ ಹತ್ತಿರದ ಒಂದು ಹೋಂಸ್ಟೇಯಲ್ಲಿ ಇಟ್ಟುಕೊಂಡಿದ್ದಳು. ಮನೆಯಲ್ಲೇ ಹೋಳಿಗೆ ಮಾಡಿಕೊಂಡು ಉಂಡರೆ ಹುಟ್ಟಿದ್ದು ಹುಟ್ಟಿದಂತೆ ಆಗುವುದಿಲ್ಲವೇನೋ ಈಗಿನವರಿಗೆ! ಊಟದ ಟೇಬಲ್ಲಿನ ನಡುವೆ ಅಗಲವಾದ ಹಿತ್ತಾಳೆ ಬೋಗುಣಿ, ಅದರ ತುಂಬ ನೀರು, ನೀರಿನ ಮೇಲೆ ಹತ್ತಿಪ್ಪತ್ತು ಬಿಳಿ ಹೂವು. ಕಣ್ಣು ಮಂದಾಗಿರುವ ನಮ್ಮ ಮಾವನವರು ಅದನ್ನು ಯಾವುದೋ ಪಾಯಸ ಅಂದುಕೊಂಡು ಚಮಚ ಹಾಕಲು ಹೋದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಗಲಿಕ್ಕೇ ಬಾಯಿ ತೆರೆದೆ. ಅಷ್ಟರಲ್ಲಿ ಆ ವಾಸನೆ ಬಂತು... ನಗು ಅಲ್ಲೇ ನಿಂತುಹೋಯಿತು.

ಹಾಲು ಕಾಸುವಾಗ ಒಂದು ಯಾಲಕ್ಕಿ ಜಜ್ಜಿ ಹಾಕಿದರೆ ಬರುತ್ತದಲ್ಲ, ಹೆಚ್ಚುಕಡಿಮೆ ಅಂಥ ವಾಸನೆ. ಐದು ದಪ್ಪ ಎಸಳು, ನಡುವೆ ಅರಿಷಿಣದ ಬಣ್ಣ. ಬಡಿಸುತ್ತಿದ್ದ ಹೆಣ್ಣುಮಗಳು ನಾನು ನೋಡುತ್ತಿದ್ದುದನ್ನು ಕಂಡು, "ಪ್ಲುಮೇರಿಯಾ ಮೇಡಂ. ನಮ್ಮಲ್ಲೆ ಆರು ಬಣ್ಣ ಅದಾವ್ರಿ," ಅಂದಳು. ಪುಸ್ತಕದಲ್ಲಿ ದೇವಕಣಗಿಲೆ ಅಂತಾರೆ, ಕೆಲವರು ಹಾಲುಸಂಪಿಗೆ ಅಂತಾರೆ. ನನಗೆ ಅದು ಡ್ರೈವರ್ ಕಾಕಾನ ಗಿಡ. ಬೇರೆ ಹೆಸರು ಬಾಯಿಗೇ ಬರುವುದಿಲ್ಲ.

ಕಾಕಾ ಅಂದರೆ ನಮಗೇನೂ ರಕ್ತಸಂಬಂಧವಲ್ಲ. ಭಾಗ್ಯನಗರದಲ್ಲಿ ನನ್ನ ತವರುಮನೆಯ ಬಾಜೂಮನಿ ಅವರದು. ಸರ್ಕಾರಿ ಬಸ್ಸಿನ ಡ್ರೈವರು. ಓಣಿಯ ಮಕ್ಕಳೆಲ್ಲ ಡ್ರೈವರ್ ಕಾಕಾ ಅಂತಲೇ ಕರೆಯುತ್ತಿದ್ದೆವು, ಅವರ ಹೆಂಡತಿ ಕಾಕು. ಎರಡೂ ಮನೆಯ ನಡುವೆ ಎದೆಮಟ್ಟದ ಗ್ವಾಡಿ. ನನಗೆ ಹದಿಮೂರು ತುಂಬುವುದರೊಳಗೆ ಅದು ಸೊಂಟದ ಮಟ್ಟದ ಗ್ವಾಡಿ ಆಗಿತ್ತು. ಗ್ವಾಡಿ ಕುಸಿದದ್ದಲ್ಲ, ನಾನು ಬೆಳೆದದ್ದು! ನಮ್ಮ ಅಪ್ಪನ ಕಡೆ ಎಲ್ಲರೂ ಎತ್ತರ. ಗಂಡುಮಕ್ಕಳಿಗೆ ಅದು ಛಲೋ, ಹೆಣ್ಣುಮಗಳಿಗೆ ಏನು ಉಪಯೋಗ ಅಂತ ಅವ್ವನ ಚಿಂತೆ. ನನ್ನನ್ನು ಯಾರಾದರೂ ನೋಡಲು ಬಂದರೆ "ಬಗ್ಗಿ ನಡಿ, ಬಗ್ಗಿ ನಡಿ" ಅಂತ ಹಿಂದಿನಿಂದ ತಿವಿಯುತ್ತಿದ್ದಳು.

ನನ್ನ ಎತ್ತರ ನೋಡಿ ಖುಷಿಪಟ್ಟವರು ಇಡೀ ಓಣಿಗೆ ಕಾಕಾ ಒಬ್ಬರೇ. "ಬಾರವ್ವ ಎತ್ತರದಾಕಿ, ಆ ಮ್ಯಾಲಿನ ಗೊಂಚಲ ನಿನಗಷ್ಟ ಸಿಗತೈತಿ. ಟೊಂಗಿ ಜಗ್ಗಬ್ಯಾಡ ಮತ್ತ, ಮುರಿದ್ರ ಹಾಲು ಸುರೀತೈತಿ," ಅಂತ ಕರೆಯುತ್ತಿದ್ದರು. ಆ ಗಿಡದ ಟೊಂಗಿ ನೋಡಲಿಕ್ಕೆ ದಪ್ಪ, ಕೈಯಿಟ್ಟರೆ ಸೌತೆಕಾಯಿಯಂತೆ ಟಪ್ ಅನ್ನುತ್ತದೆ. ಅದಕ್ಕೇ ಮಕ್ಕಳನ್ನು ಹತ್ತಲು ಬಿಡುತ್ತಿರಲಿಲ್ಲ. ನಾನು ಮಾತ್ರ ನೆಲದ ಮೇಲೇ ನಿಂತು, ತುದಿಗಾಲೂ ಮಾಡದೆ ಹೂ ಇಳಿಸುತ್ತಿದ್ದೆ. ಜಗತ್ತಿನಲ್ಲಿ ಒಂದು ಕಡೆಯಾದರೂ ನಾನು ಬಗ್ಗಿ ನಡೆಯುವ ಕಾರಣ ಇರಲಿಲ್ಲ.

ಆ ಗಿಡ ಬಂದ ಕಥೆಯನ್ನು ಕಾಕು ಬೈಯುತ್ತಲೇ ಹೇಳುತ್ತಿದ್ದರು. ಮನೆ ಕಟ್ಟಿಸಿದ ವರ್ಷ ಕಾಕಾನಿಗೆ ಗಂಗಾವತಿ ಡ್ಯೂಟಿ. ಅಲ್ಲಿ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ಈ ಗಿಡ ಕಂಡು, ಕೈಯಷ್ಟು ಉದ್ದದ ಒಂದು ಟೊಂಗಿ ಬೇಡಿ ತಂದರಂತೆ, ಗೋಣಿಚೀಲದಲ್ಲಿ ಸುತ್ತಿ, ಡ್ರೈವರ್ ಸೀಟಿನ ಕೆಳಗಿಟ್ಟುಕೊಂಡು. "ಮನ್ಯಾಗ ಅಕ್ಕಿ ಇರಲಿಲ್ಲ ಯವ್ವಾ. ಈ ಪುಣ್ಯಾತ್ಮ ಗಿರಣಿಗೆ ಹೋಗಿ ಕಟ್ಟಿಗಿ ತಂದ್ರು!" ಅಂತ ಕಾಕು. ಕಾಕಾ ಮೀಸೆಯೊಳಗೇ ನಗುತ್ತಿದ್ದರು.

ಆ ಗಿಡ ಹಚ್ಚುವುದಕ್ಕೂ ಒಂದು ಶಾಸ್ತ್ರವಿತ್ತು. ಟೊಂಗಿ ಕಡಿದ ಕೂಡಲೇ ಮಣ್ಣಿಗೆ ಇಡಬಾರದು. ಎಲೆಯನ್ನೆಲ್ಲ ಸವರಿ, ಕಡಿದ ಬಾಯಿ ಒಣಗುವವರೆಗೆ ನೆರಳಲ್ಲಿ ಹದಿನೈದು ದಿನ ಸುಮ್ಮನೆ ಮಲಗಿಸಬೇಕು. ಒಂದು ಹನಿ ನೀರೂ ತೋರಿಸುವಂತಿಲ್ಲ. ಕಾಕಾ ಅದಕ್ಕೆ "ಟೊಂಗಿ ಉಪಾಸ ಕೂಡ್ಸೂದು" ಅನ್ನುತ್ತಿದ್ದರು. ಉಪವಾಸ ಮುಗಿದ ಮೇಲೆ ನಾಲ್ಕು ಬೆರಳು ಆಳಕ್ಕೆ ಹಚ್ಚಿ, ಅಲುಗಾಡದಂತೆ ಒಂದು ಕೋಲು ಕಟ್ಟಿ, ಹೊಸ ಎಲೆ ಮೂಡುವವರೆಗೆ ನೀರಿನ ಆಸೆ ತೋರಿಸದೆ ಕಾಯಬೇಕು. "ಪ್ರೀತಿ ಭಾಳ ಆದ್ರ ಇದು ಕೊಳೀತೈತಿ ನೋಡವ್ವ," ಅನ್ನುತ್ತಿದ್ದರು. ನಮ್ಮ ಕಡೆಯ ಕಪ್ಪು ಎರಿ ಮಣ್ಣಿನಲ್ಲಿ ನೀರು ನಿಲ್ಲುತ್ತದೆ ಅಂತ ಕುಷ್ಟಗಿ ಕಡೆಯ ಕೆಂಪು ಮಸಾರಿ ಮಣ್ಣನ್ನು ಚೀಲದಲ್ಲಿ ತಂದು, ಅರ್ಧಕ್ಕರ್ಧ ಹಳ್ಳದ ಉಸುಕು ಬೆರೆಸಿದ್ದರು. ವರ್ಷಕ್ಕೊಮ್ಮೆ ಬುಡಕ್ಕೆ ಒಂದು ಬುಟ್ಟಿ ಕುರಿಹಿಕ್ಕಿ ಗೊಬ್ಬರ, ಅಷ್ಟೇ. ಮಳೆಗಾಲದಲ್ಲಿ ಎಲೆಯ ಹಿಂದೆ ಕುಂಕುಮ ಉದುರಿಸಿದಂಥ ಕೆಂಪು ಪುಡಿ ಹತ್ತುತ್ತಿತ್ತು. ಅಂಥ ಎಲೆಗಳನ್ನು ಕಾಕಾ ಒಂದೊಂದೇ ಕಿತ್ತು ದೂರ ಒಯ್ದು ಸುಡುತ್ತಿದ್ದರು. ನಾನೂ ಜೊತೆಗೆ ನಿಲ್ಲುತ್ತಿದ್ದೆ, ಮೇಲಿನ ಎಲೆಗಳಿಗೆ ನಾನೇ ಬೇಕಲ್ಲ.

ಚಳಿಗಾಲ ಬಂದರೆ ಗಿಡ ಪೂರಾ ಬೋಳಾಗುತ್ತಿತ್ತು. ಹೊಸದಾಗಿ ನೋಡಿದವರು ಸತ್ತಿತು ಅಂತಲೇ ತಿಳಿಯುತ್ತಿದ್ದರು. ಕಾಕಾ ಡ್ಯೂಟಿಯಿಂದ ಬಂದು ಚಪ್ಪಲಿ ಬಿಡುವ ಮೊದಲು ಗಿಡದ ಮೈಮೇಲೆ ಕೈಯಾಡಿಸಿ, "ಮಲಗೇತಿ, ಮಲಗಲಿ," ಅನ್ನುತ್ತಿದ್ದರು. ಅವರದು ವಸ್ತಿ ಗಾಡಿ. ಅಂದರೆ ಸಂಜೆಗೆ ಒಂದು ಹಳ್ಳಿಗೆ ಹೋಗಿ ಅಲ್ಲೇ ಉಳಿದು, ಮುಂಜಾನೆ ತಿರುಗಿ ಬರುವ ಬಸ್ಸು. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆ ಅವರು ಮಲಗದ ಹಳ್ಳಿಯಿಲ್ಲ. ಒಮ್ಮೆ ನನಗೆ ಹೇಳಿದ್ದರು: "ನನ್ನ ಇಬ್ಬರು ಹೆಣ್ಣಮಕ್ಕಳು ಯಾವಾಗ ದೊಡ್ಡವರಾದ್ರು, ಯಾವಾಗ ಗಂಡನ ಮನಿಗೆ ಹೋದ್ರು, ನನಗ ಗೊತ್ತ ಆಗಲಿಲ್ಲ ನೋಡು. ನನ್ನ ಕಣ್ಣಮುಂದ ಬೆಳೆದದ್ದು ಇದೊಂದ ಗಿಡ." ನಗುತ್ತಲೇ ಹೇಳಿದರು. ಆದರೆ ಆ ಮಾತು ಹೇಳುವಾಗ ಅವರು ನನ್ನನ್ನು ನೋಡುತ್ತಿರಲಿಲ್ಲ.

ಇನ್ನೊಂದು ಹುಚ್ಚು ಇತ್ತು ಅವರಿಗೆ. ಓಣಿಯವರೆಲ್ಲ ಆ ಗಿಡಕ್ಕೆ ಸುಲಭಕ್ಕೆ "ಕಣಗಲ" ಅನ್ನುತ್ತಿದ್ದರು. "ಡ್ರೈವರ್ ಮನಿ ಕಣಗಲ ಹೂ ತಗೊಂಬಾ," ಹೀಗೆ. ಕಾಕಾ ಪ್ರತಿ ಸಲ ತಿದ್ದುತ್ತಿದ್ದರು. "ಬರೇ ಕಣಗಲ ಅನಬ್ಯಾಡ್ರಿ, ದೇವಕಣಗಲ ಅನ್ರಿ. ಕಣಗಲ ಬ್ಯಾರೆ, ಇದು ಬ್ಯಾರೆ." ಬಸ್ಸಿನ ಬೋರ್ಡು ತಪ್ಪು ಹಾಕಿದರೆ ಹೇಗೆ ಸಿಟ್ಟಾಗುತ್ತಿದ್ದರೋ ಹಾಗೆ. ನಾವು ಮಕ್ಕಳು ಬೇಕಂತಲೇ "ಕಣಗಲ, ಕಣಗಲ" ಅಂತ ಕೂಗಿ ಓಡುತ್ತಿದ್ದೆವು. ನಿಜವಾದ ಕಣಗಲ ಇದ್ದದ್ದು ನಮ್ಮ ಮನೆಯಲ್ಲಿ. ಬಚ್ಚಲ ನೀರು ಹರಿದುಹೋಗುವಲ್ಲಿ ತಾನಾಗಿಯೇ ಪೊದೆಯಾಗಿ ಬೆಳೆದು, ಗುಲಾಬಿ ಬಣ್ಣದ ಹೂ ಬಿಡುತ್ತಿತ್ತು. ಅದನ್ನು ನಾವು ಯಾರೂ ಕಣಗಲ ಅನ್ನುತ್ತಿರಲಿಲ್ಲ. ನಮ್ಮ ಪಾಲಿಗೆ ಅದು "ಬಚ್ಚಲ ಹೂ". ಒಂದು ಹೆಸರು ಒಂದು ಗಿಡಕ್ಕೆ ಕೊಟ್ಟಾಗಿದೆ, ಇನ್ನೊಂದಕ್ಕೆ ಬೇರೆ ಹೆಸರು ಬೇಕಲ್ಲ! ಹೀಗೆ ನಡೆದಿತ್ತು ನಮ್ಮ ಸಂಸಾರ.

ನನಗೆ ಇಪ್ಪತ್ತಾರು ತುಂಬಿತು. ಅಷ್ಟರೊಳಗೆ ಐದು ಗಂಡುಗಳು ನೋಡಿ ಹೋಗಿದ್ದರು. ಮೊದಲಿನವನು ಎತ್ತರ ಅಂದ, ಎರಡನೆಯವನ ತಾಯಿ ಎತ್ತರ ಅಂದಳು, ಮೂರು ನಾಲ್ಕು ಕಾರಣ ಹೇಳದೇ ಹೋದರು. ಐದನೆಯವನಂತೂ ಬಂದವನು ಕುಂತಲ್ಲಿಂದ ಏಳಲೇ ಇಲ್ಲ, ನಾನು ಒಳಗೆ ಹೋಗುವವರೆಗೆ ಕಾದು ಆಮೇಲೆ ಎದ್ದ. ಈಗ ಹೇಳಿ ನಗುತ್ತೇನೆ. ಆವಾಗ ನಗು ಬರುತ್ತಿರಲಿಲ್ಲ. ನಾನು ಬ್ಲೌಸು ಹೊಲಿಯುತ್ತಿದ್ದೆ. ನನಗಿಂತ ಚಿಕ್ಕವರ ಮದುವೆಯ ಬ್ಲೌಸುಗಳು ಒಂದರ ಹಿಂದೆ ಒಂದು ಮಷಿನ್ನಿನ ಮೇಲೆ ಬಂದು ಹೋಗುತ್ತಿದ್ದವು. ಅವ್ವ ಉಣ್ಣಲು ಕುಂತರೆ ತುತ್ತು ಬಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಯಾರಾದರೂ ನಕ್ಕರೂ ತಪ್ಪು ಮಾಡಿದಂತೆ ಅನ್ನಿಸುತ್ತಿತ್ತು.

ಕೊನೆಗೆ ಅವ್ವ ಯಲಬುರ್ಗಾ ಕಡೆಯ ಒಬ್ಬ ಅಜ್ಜನ ಹತ್ತಿರ ಹೊತ್ತಿಗಿ ತೆಗೆಸಲು, ಅಂದರೆ ಶಾಸ್ತ್ರದ ಪುಸ್ತಕ ತೆರೆಸಿ ಕೇಳಲು ಹೋದಳು. ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಅಜ್ಜ ಒಳ್ಳೆಯವರು, ಆಸೆಬುರುಕರಲ್ಲ. ಹೊತ್ತಿಗಿ ತಿರುವಿ, ಕಣ್ಣು ಮುಚ್ಚಿ ಕೇಳಿದರು: "ಮನಿ ಹತ್ರ ಕಣಗಲ ಗಿಡ ಐತೇನವ್ವಾ?"

"ಐತ್ರಿ ಅಜ್ಜಾರ," ಅಂದಳು ಅವ್ವ.

"ತಗಸಿಬಿಡ್ರಿ. ಶುಭಕಾರ್ಯ ಆಗೂ ಮನಿ ಹತ್ರ ಅದು ಬ್ಯಾಡ."

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಒಂದೇ ಸಮನೆ ಮಾತಾಡಿದಳು. ಆ ಗಿಡ ಗೋರಿ ಹತ್ತಿರ ಹಚ್ಚುವಂಥದ್ದು, ಹಾಲು ಸುರಿಯುವಂಥದ್ದು, ಅದರ ಅರ್ಧ ಟೊಂಗಿ ನಮ್ಮ ಅಂಗಳಕ್ಕೇ ಚಾಚಿದೆ, ಇಷ್ಟು ವರ್ಷ ನಮ್ಮ ಬುದ್ಧಿ ಎಲ್ಲಿ ಹೋಗಿತ್ತು... ಬಾಜೂಮನಿಯ ಗಿಡ ಅನ್ನುವುದರಲ್ಲಿ ಅವಳಿಗೆ ಒಂದಿಷ್ಟೂ ಸಂಶಯವಿರಲಿಲ್ಲ. ನಮ್ಮ ಬಚ್ಚಲ ಹೂವಿನ ಕಡೆ ಯಾರ ಕಣ್ಣೂ ಹೋಗಲಿಲ್ಲ.

ನನ್ನ ಕಣ್ಣು? ಸುಳ್ಳು ಯಾಕೆ ಹೇಳಲಿ. ಕಣಗಲ ಬೇರೆ, ದೇವಕಣಗಲ ಬೇರೆ ಅಂತ ಕಾಕಾನ ಬಾಯಲ್ಲಿ ನೂರು ಸಲ ಕೇಳಿದವಳು ನಾನು. ಆವತ್ತು ಬಸ್ಸಿನ ಕಿಟಕಿಯ ಹತ್ತಿರ ಕುಂತಾಗ ಅದು ನೆನಪಾಗಿತ್ತೋ ಇಲ್ಲವೋ ಅಂತ ಇವತ್ತಿಗೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಆಗಿತ್ತು ಅನ್ನಿಸುತ್ತದೆ, ಇರಲಿಲ್ಲ ಅಂತಲೂ ಅನ್ನಿಸುತ್ತದೆ. ಒಂದು ಮಾತ್ರ ಖರೆ. ನನ್ನ ಎತ್ತರದ ತಪ್ಪಲ್ಲ, ಯಾವುದೋ ಒಂದು ಗಿಡದ ತಪ್ಪು ಅಂತ ಕೇಳಿ ನನಗೆ ಹಗುರಾಗಿತ್ತು. ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಅಪ್ಪ ಹೋಗಿ ಕೇಳಲು ಒಪ್ಪಲಿಲ್ಲ. "ನೆರೆಮನಿಯವನ ಗಿಡ ಕಡಿ ಅಂತ ಯಾವ ಬಾಯ್ಲೆ ಕೇಳ್ಲಿ?" ಅಂದ. ಅವ್ವ ನನ್ನ ಕಡೆ ನೋಡಿದಳು. "ನೀ ಹೋಗು. ಅವ್ರು ನಿನ್ನ ಮಾತು ತೆಗೆದುಹಾಕೂದಿಲ್ಲ."

ಹೋದೆ. ಶಿವರಾತ್ರಿ ಆಗಿ ಹೋಳಿ ಹುಣ್ಣಿಮೆ ಹತ್ತಿರ ಬಂದಿತ್ತು. ಗಿಡದಲ್ಲಿ ಎಲೆಯಿರಲಿಲ್ಲ, ಆದರೆ ತುದಿಗಳು ಊದಿಕೊಂಡಿದ್ದವು, ಇನ್ನೇನು ಮೊಗ್ಗು ಹೊರಡುವ ಹಾಗೆ. ಆ ಹೊತ್ತಿಗೆ ಕಾಕಾ ರಿಟೈರ್ ಆಗಿ ಒಂದು ವರ್ಷವಾಗಿತ್ತು. ಕುಕ್ಕರುಗಾಲಲ್ಲಿ ಕುಂತು ಬುಡಕ್ಕೆ ಕುರಿಹಿಕ್ಕಿ ಹಾಕುತ್ತಿದ್ದರು.

"ಬಾರವ್ವ ಎತ್ತರದಾಕಿ."

"ಕಾಕಾ, ಹೊತ್ತಿಗಿ ತಗಸಾಕ ಹೋಗಿದ್ವಿ... ಅಜ್ಜಾರು ಕಣಗಲ ತಗಸ್ರಿ ಅಂದಾರ."

ಕಾಕಾನ ಕೈ ನಿಂತಿತು. "ಕಣಗಲಾನ?" ಅಂದರು. ನನ್ನ ಹೆಗಲ ಮೇಲಿಂದ ನಮ್ಮ ಮನೆಯ ಕಡೆ ಒಂದು ಸಲ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಇನ್ನೇನು ಅಳುವ ಹಾಗಿದ್ದೆ ಅಂತ ಕಾಣುತ್ತದೆ.

"ಬೇರು ಸಮೇತ ಅಂತ ಅವ್ವ ಹೇಳ್ಯಾಳ, ಕಾಕಾ. ಬುಡ ಬಿಟ್ರ ಮತ್ತ ಚಿಗೀತೈತಂತ."

"ಅವ್ವ ಇರ್ಲಿ. ನೀ ಏನಂತಿ?"

"ಕಡೀರಿ ಕಾಕಾ," ಅಂದೆ. ಅಷ್ಟೇ ಅಂದೆ.

ಕಾಕಾ ಎದ್ದು ನಿಂತು ಕೈಯ ಮಣ್ಣು ಝಾಡಿಸಿಕೊಂಡರು. "ಆತವ್ವ. ನಾಳೆ ಐತವಾರ ಐತಿ. ತಗಿಯೂಣು." ಬಸ್ಸಿನ ಟೈಮು ಹೇಳಿದಂತೆ ಹೇಳಿ ಒಳಗೆ ಹೋದರು.

ಐತವಾರ ಬೇರೆ ಯಾರನ್ನೂ ಕರೆಯಲಿಲ್ಲ, ತಾವೇ ಕಡಿದರು. ಕೊಡಲಿ ಮುಟ್ಟಲಿಲ್ಲ, ಗರಗಸ ತಂದರು. ಪ್ರತಿ ಟೊಂಗಿಗೂ ಹಗ್ಗ ಕಟ್ಟಿ, ನೆಲಕ್ಕೆ ಬಡಿಯದಂತೆ ಇಳಿಸಿದರು. ಕಡಿದ ಕಡೆಯೆಲ್ಲ ಹಾಲು ದಳದಳ ಸುರಿಯಿತು. ಅದನ್ನು ಹಳೆಯ ಧೋತರದ ತುಂಡಿನಲ್ಲಿ ಒರೆಸಿ, ಮುಂದಿನ ಟೊಂಗಿಗೆ ಕೈಹಾಕಿದರು. ಮಧ್ಯಾಹ್ನದ ಹೊತ್ತಿಗೆ ಬೇರೂ ಮೇಲೆ ಬಂತು. ಕಾಕು ಆ ದಿನ ಹೊರಗೇ ಬರಲಿಲ್ಲ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನಮ್ಮ ಅಂಗಳದಲ್ಲಿ ಬೋಳು ಟೊಂಗಿಗಳ ನೆರಳಿನ ಗೆರೆಗಳೂ ಅಳಿದು ಬರೇ ಬಿಸಿಲು ಬಿತ್ತು, ಅಲ್ಲಿ ಅಷ್ಟು ಬಿಸಿಲು ನಾನು ಯಾವತ್ತೂ ನೋಡಿರಲಿಲ್ಲ.

ಮೂವತ್ತರ ಮೇಲೆ ಟೊಂಗಿಗಳಾಗಿದ್ದವು. ಅವನ್ನೆಲ್ಲ ಮಾಳಿಗೆಯ ಮೇಲೆ, ತಗಡಿನ ನೆರಳಿನಲ್ಲಿ ಸಾಲಾಗಿ ಉಪವಾಸಕ್ಕೆ ಮಲಗಿಸಿದರು. ಹದಿನೈದು ದಿನದ ಮೇಲೆ ಹಳೆಯ ದೋಸ್ತರ ಬಸ್ಸುಗಳಲ್ಲಿ ಒಂದೊಂದಾಗಿ ಕಳಿಸಿದರು. ಕಿನ್ನಾಳದಲ್ಲಿ ಗೊಂಬೆ ಮಾಡುವವರ ಮನೆಗೆ ಒಂದು, ಯಲಬುರ್ಗಾದ ಚಹದಂಗಡಿಗೆ ಒಂದು, ಕುಷ್ಟಗಿಯ ಒಬ್ಬ ಕಂಡಕ್ಟರ್ ಮನೆಗೆ ಎರಡು. ತಮ್ಮ ಅಂಗಳದಲ್ಲಿ ಮಾತ್ರ ಒಂದನ್ನೂ ಹಚ್ಚಲಿಲ್ಲ.

ಏನು ಹೇಳಲಿ, ಒಂದು ತಿಂಗಳಲ್ಲಿ ನನಗೆ ಕುಷ್ಟಗಿಯಿಂದ ವರ ಬಂತು. ನನಗಿಂತ ಎರಡು ಬೆರಳು ಗಿಡ್ಡ. ಅದಕ್ಕೆ ಆ ಮನುಷ್ಯನಿಗೆ ಒಂದಿಷ್ಟೂ ಬೇಜಾರಿರಲಿಲ್ಲ. "ನಮ್ಮ ಅಟ್ಟದ ಮ್ಯಾಲಿನ ಡಬ್ಬಿ ತಗ್ಯಾಕ ಯಾರೂ ಇರಲಿಲ್ಲ," ಅಂತ ನಮ್ಮಪ್ಪನ ಮುಂದೆಯೇ ಅಂದರು. ಅವ್ವ ಎರಡೂ ಕೈಯೆತ್ತಿ ಅಜ್ಜನಿಗೆ ಇದ್ದಲ್ಲಿಂದಲೇ ನಮಸ್ಕಾರ ಮಾಡಿದಳು. ಬಸವ ಜಯಂತಿ ಆದ ಮೇಲೆ ನಮ್ಮ ಮನೆಯಲ್ಲೇ ನಿಶ್ಚಯ. ಅಜ್ಜನನ್ನೂ ಕರೆಸಿದ್ದರು. ಬೀಗರಿಗೆ ಹಾಸಲು ಜಮಖಾನಿಯನ್ನು ಕಾಕಾ ತಮ್ಮ ಮನೆಯಿಂದ ಹೊತ್ತು ತಂದಿದ್ದರು.

ಅಜ್ಜ ಕಾಲು ತೊಳೆಯಲು ಬಚ್ಚಲ ಕಡೆ ಹೋದರು. ಹೋದವರು ಅಲ್ಲೇ ನಿಂತರು. "ಯವ್ವಾ, ನಾ ತಗಸ್ರಿ ಅಂದಿದ್ದ ಕಣಗಲ ಇನ್ನೂ ಇಲ್ಲೇ ನಿಂತೈತಲ್ಲ?"

ಅವ್ವ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. "ಅದು ಬಚ್ಚಲ ಹೂವಿಂದ್ರಿ ಅಜ್ಜಾರ. ಕಣಗಲ ಬಾಜೂಮನಿದು... ಅದನ್ನ ಆವಾಗ್ಲೇ ತಗಸೇವ್ರಿ."

"ಬಾಜೂಮನಿದು ಯಾವ್ದು?"

"ಬಿಳೀ ಹೂವಿಂದ್ರಿ, ಹಾಲು ಬರೂದು."

"ಏ ಹುಚ್ಚಿ! ಅದು ದೇವಕಣಗಲ. ದೇವರಿಗೇರಿಸೋ ಹೂವಿನ ಗಿಡ ಕಡೀರಿ ಅಂತ ಯಾರರೆ ಹೇಳ್ತಾರೇನು? ನಾ ಹೇಳಿದ್ದು ಇದನ್ನ. ಇದರ ಎಲಿ ತಿಂದ್ರ ಆಡು ಸಾಯ್ತೈತಿ. ಮಕ್ಳುಮರಿ ಓಡ್ಯಾಡೋ ಮನ್ಯಾಗ ಈ ವಿಷ ಯಾಕಂತ ಹೇಳಿದ್ದೆ."

ಬಾಗಿಲ ಹಿಂದೆ ಹೊಸ ಸೀರೆಯುಟ್ಟು ನಿಂತಿದ್ದ ನನಗೆ ಎಲ್ಲವೂ ಕೇಳಿತು. ಅಪ್ಪ, ಕಾಕಾ ಇಬ್ಬರೂ ಹಿತ್ತಲಲ್ಲೇ ಇದ್ದರು. ಅಪ್ಪನ ಮುಖ ಕಪ್ಪಿಟ್ಟಿತು. "ಕೊಡ್ಲಿ ತಗೊಂಬಾ, ಇದನ್ನ ಈಗ ಕಡೀತೇನಿ," ಅಂತ ನುಗ್ಗಿದ, ಹೊಸ ಧೋತರದಲ್ಲೇ. ಅವನ ಕೈ ಹಿಡಿದವರು ಕಾಕಾ.

"ಬ್ಯಾಡ್ರೀ. ಒಂದ ಹೋಗೇತಿ, ಸಾಕು. ಪಾಪ, ಬಚ್ಚಲ ನೀರು ಕುಡಕೊಂಡು ತನ್ನ ಪಾಡಿಗೆ ತಾನು ಐತಿ. ಇದಕ್ಕರೆ ಏನ ಗೊತ್ತ, ಏನ ಹೆಸರಿಟ್ಟೇವಂತ." ಆಮೇಲೆ ದನಿ ತಗ್ಗಿಸಿ, "ಬೀಗ್ರು ಕುಂತಾರ. ನಡ್ರಿ ಒಳಗ, ಹುಡುಗಿ ಕಾರ್ಯ ನಡೀಲಿ," ಅಂದರು.

ನಡೆಯಿತು. ಆ ಗಿಡ ಬದುಕಿತು, ನನ್ನ ಮದುವೆಯೂ ಆಯಿತು. ಅಡ್ಡಿಯಿಲ್ಲದ ಸಂಸಾರ ನನ್ನದು, ಗಂಡ ಒಳ್ಳೆಯವರು, ಅಟ್ಟದ ಡಬ್ಬಿ ಇವತ್ತಿಗೂ ನಾನೇ ಇಳಿಸುತ್ತೇನೆ. ಆದರೆ ಕಾಕಾನ ಮುಂದೆ ನಿಂತು "ನನ್ನದು ತಪ್ಪಾಯ್ತು" ಅನ್ನುವ ಒಂದು ಮಾತು ನನ್ನ ಬಾಯಿಂದ ಬರಲೇ ಇಲ್ಲ. ತವರಿಗೆ ಬಂದಾಗಲೆಲ್ಲ ಇವತ್ತು ಹೇಳಬೇಕು ಅಂದುಕೊಂಡೇ ಬರುತ್ತಿದ್ದೆ. ಕಾಕಾ ಗ್ವಾಡಿಯ ಆಚೆ ನಿಂತು, "ಕುಷ್ಟಗಿ ಬಸ್ಸು ರಶ್ ಇತ್ತೇನವ್ವಾ? ಮಕ್ಳು ಆರಾಮ ಅದಾವೇನು?" ಅಂತ ಕೇಳುತ್ತಿದ್ದರು. ಹೂಂ ಅನ್ನುತ್ತಿದ್ದೆ. ಅವರು ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು, ನಾನು ಏನೋ ಹೇಳುತ್ತೇನೆ ಅನ್ನುವ ಹಾಗೆ. ನನಗೆ ಅವರ ಹಿಂದಿನ ಆ ಖಾಲಿ ಜಾಗ ಕಾಣುತ್ತಿತ್ತು. ಏನೋ ಕೆಲಸದ ನೆವ ಮಾಡಿ ಒಳಗೆ ಹೋಗುತ್ತಿದ್ದೆ. ಅವರಿಗೆ ನನ್ನ ಮೇಲೆ ಒಳಗೊಳಗೇ ಸಿಟ್ಟಿದೆ, ಅದಕ್ಕೇ ಗಿಡದ ಮಾತೇ ಎತ್ತುವುದಿಲ್ಲ ಅಂತ ತಿಳಿದಿದ್ದೆ. ಹೀಗೇ ವರ್ಷಗಳು ಹೋದವು... ಹದಿನೆಂಟೋ, ಹತ್ತೊಂಬತ್ತೋ.

ಕಾಕಾ ಹೋದ ಸುದ್ದಿ ಬಂದಾಗ ಶ್ರಾವಣ. ಮಣ್ಣಿಗೆ ಹೋಗಲಾಗಲಿಲ್ಲ, ಮೂರನೆಯ ದಿನಕ್ಕೆ ಹೋದೆ. ಕಾಕು ಪಡಸಾಲಿಯಲ್ಲಿ ಕುಂತಿದ್ದರು. ನಾನು ಅವರ ಕಾಲ ಹತ್ತಿರ ಕುಸಿದು ಅತ್ತೆ. ಸತ್ತವರಿಗಾಗಿ ಅತ್ತದ್ದು ಅರ್ಧ, ಉಳಿದರ್ಧ ನನ್ನ ತಪ್ಪಿಗೆ. "ಕಾಕಾನ ಗಿಡ ನಾ ಸುಮ್ಮ ಸುಮ್ಮನ ಕಡಿಸಿಬಿಟ್ಟೆ ಕಾಕು. ಹೆಸರು ತಿಳೀದ ಕಡಿಸಿಬಿಟ್ಟೆ," ಅಂದೆ. ಅವರ ಮುಂದೆ ಆಡಬೇಕಾದ ಮಾತು ಅಂತೂ ಇವರ ಮುಂದೆ ಬಂತು.

ಕಾಕು ನನ್ನ ತಲೆಯ ಮೇಲೆ ಕೈಯಿಟ್ಟರು. "ಅವ್ರಿಗೆ ಗೊತ್ತಿತ್ತವ್ವಾ," ಅಂದರು.

"ಏನ ಗೊತ್ತಿತ್ರಿ?"

"ಎಲ್ಲಾ. ನೀ ಬಂದು ಕೇಳಿದ ದಿನಾನೇ ಒಳಗ ಬಂದು ಹೇಳಿದ್ರು, ಆ ಅಜ್ಜ ಹೇಳಿರೋದು ಅವ್ರ ಬಚ್ಚಲದಾಗಿನ ಗಿಡ, ನಮ್ಮದಲ್ಲ ಅಂತ. ನಾ ಜಗಳಾ ತಗದೆ. ಮತ್ತ ಹಂಗಂತ ಹೇಳಬಾರ್ದೇನ್ರಿ ಅಂದೆ. ಏನಂದ್ರು ಗೊತ್ತೇನು? ಹೇಳಿದ್ರ ತನ್ನ ಗಿಡ ಉಳಿಸ್ಕೊಳಾಕ ಹೇಳ್ತಾನಂತಾರ. ನಾಳೆ ಮತ್ತೊಂದು ವರ ತಪ್ಪಿತಂದ್ರ ಆ ಹುಡುಗಿ ದಿನಾ ಮುಂಜಾನೆದ್ದು ನನ್ನ ಗಿಡಾನ ಕೆಟ್ಟ ಕಣ್ಲೆ ನೋಡ್ತಾಳ. ಅದು ನನ್ನಿಂದ ನೋಡಾಕ ಆಗೂದಿಲ್ಲ. ಅಕಿ ಇನ್ನಾ ಅದರ ಮ್ಯಾಲ ಜೀವ ಇಟ್ಟಿರೂವಾಗ ಹೋಗ್ಲಿ ಬಿಡು ಅಂದ್ರು."

ನನಗೆ ಅಳು ನಿಂತುಹೋಯಿತು. ಆವತ್ತು ಅವರು ನನ್ನ ಹೆಗಲ ಮೇಲಿಂದ ನೋಡಿದ್ದು ನಮ್ಮ ಬಚ್ಚಲ ಕಡೆ. ಅಷ್ಟು ಗೊತ್ತಿದ್ದೂ ಗರಗಸ ಹುಡುಕಿಕೊಂಡು ಬಂದರು ಆ ಮನುಷ್ಯ...

"ನನ್ನ ಮ್ಯಾಲ ಸಿಟ್ಟಿತ್ತು ಅಂತ ತಿಳಿದಿದ್ದೆ ಕಾಕು. ಗಿಡದ ಮಾತ ಆಡ್ತಿರಲಿಲ್ಲ."

"ಸಿಟ್ಟ? ನಿನ್ನ ಮ್ಯಾಲ?" ಕಾಕು ಆ ದುಃಖದಲ್ಲೂ ಬೈಯುವ ದನಿಯಲ್ಲೇ ಹೇಳಿದರು. "ವರ್ಷಾ ಯುಗಾದಿ ಮುಂದ ಕುಷ್ಟಗಿಗೆ ಹೋಗ್ತಿದ್ರು, ನಿನಗ ಗೊತ್ತಾಗದಂಗ, ಆ ಕಂಡಕ್ಟರ್ ಮನಿಗೆ. ತಮ್ಮ ಗಿಡದ ಪೈಕಿ ಅಂತ ಹೇಳಿ ಒಂದು ಟೊಂಗಿ ತಂದು ಮಾಳಗಿ ಮ್ಯಾಲ ಉಪಾಸ ಕೂಡ್ಸೋರು. ನೀ ಬ್ಯಾಸಗಿ ರಜಾಕ್ಕ ಬರ್ತಿದ್ದೆಲ್ಲ, ಆವಾಗ ಅಕಿ ಒಂದು ಟೊಂಗಿ ಕೇಳ್ತಾಳ, ಕೇಳಿದ ಕೂಡಲೇ ಕೊಡೂಣು, ಆಮ್ಯಾಲ ನಮ್ಮ ಅಂಗಳದಾಗೂ ಹಚ್ಚೂಣು ಅನ್ನೋರು. ನೀವ ಕೊಡ್ರಿ ಅಂದ್ರ ಒಲ್ಲೆ ಅನ್ನೋರು. ಕೇಳದ ಕೊಟ್ರ ಅಕಿಗೆ ಚುಚ್ಚಿದಂಗ ಆಗ್ತೈತಿ, ತಾನ ಕೇಳ್ಲಿ ಅಂತ. ಮಳಿ ಬೀಳೂತನಕ ನಿನ್ನ ದಾರಿ ನೋಡಿ, ಆಮ್ಯಾಲ ಯಾರಿಗರೆ ಕೊಟ್ಟುಬಿಡೋರು."

"ಈ ವರ್ಷದ್ದು?" ಅಂತ ಕೇಳಿದೆ. ಯಾಕೆ ಕೇಳಿದೆನೋ.

"ಈ ವರ್ಷ ದವಾಖಾನ್ಯಾಗ ಇದ್ರಲ್ಲವ್ವಾ. ತರಾಕ ಆಗಲಿಲ್ಲ."

ಇದಾಗಿ ಏಳು ವರ್ಷ. ಕಾಕು ಈಗ ದೊಡ್ಡ ಮಗಳ ಮನೆಯಲ್ಲಿ ಇದ್ದಾರೆ. ನನಗೆ ಕಾಲು ಹಿಡಿದುಕೊಳ್ಳುತ್ತವೆ, ಹೊಲಿಗೆ ಕಡಿಮೆ ಮಾಡಿದ್ದೇನೆ. ಕುಷ್ಟಗಿಯ ನಮ್ಮ ಮನೆಯ ಮುಂದೆ ಜಾಗ ಇದೆ, ಒಳ್ಳೇ ಮಸಾರಿ ಮಣ್ಣು, ನೀರು ನಿಲ್ಲುವುದಿಲ್ಲ. ಆ ಕಂಡಕ್ಟರ್ ಮನೆ ನಮ್ಮ ಓಣಿಯಿಂದ ಎರಡೇ ಓಣಿ ಆಚೆ. ಕಂಪೌಂಡು ದಾಟಿ ಗಿಡ ರಸ್ತೆಗೆ ಬಂದಿದೆ, ಬೇಸಿಗೆಯಲ್ಲಿ ಅದರ ಕೆಳಗೆ ನೆಲ ಕಾಣದಷ್ಟು ಹೂ. ಸಂತೆಗೆ ಹೋಗುವಾಗ ಅದರ ಕೆಳಗೇ ಹಾಯ್ದು ಹೋಗುತ್ತೇನೆ. ಅವರ ಸೊಸೆ ನನ್ನ ಹತ್ತಿರ ಬ್ಲೌಸು ಹೊಲಿಸುವವಳು. "ಅಕ್ಕಾರ, ಒಂದು ಟೊಂಗಿ ಒಯ್ರಿ, ಭಾಳ ಆಗೇತಿ," ಅಂತ ಎರಡು ಸಲ ತಾನಾಗಿಯೇ ಅಂದಿದ್ದಾಳೆ.

ನಾನು ಒಯ್ದಿಲ್ಲ. ನಮ್ಮ ಮನೆಯವರು ಯಾಕೆ ಅಂತ ಕೇಳುತ್ತಾರೆ, ಜಾಗ ಹಾಗೇ ಬಿದ್ದಿದೆಯಲ್ಲ ಅನ್ನುತ್ತಾರೆ. ಏನಂತ ಹೇಳಲಿ ಅವರಿಗೆ? ನಾನು ಟೊಂಗಿ ಕೇಳಬೇಕಾಗಿದ್ದದ್ದು ಕಾಕಾನನ್ನು. ಹದಿನೆಂಟೋ ಹತ್ತೊಂಬತ್ತೋ ಬೇಸಿಗೆ ಅವರು ಗ್ವಾಡಿಯ ಆಚೆ ನಿಂತು ಕಾದರು. ಅಂಥ ಮನುಷ್ಯನ ಹತ್ತಿರ ನಾನು ಬಾಯಿಬಿಟ್ಟು ಕೇಳಿದ್ದು ಜನ್ಮದಲ್ಲಿ ಒಂದೇ ಒಂದು ಸಲ. ಕಡೀರಿ ಕಾಕಾ ಅಂತ.